ಕೈಬರಹಕ್ಕೆ ಬಹುಮಾನ ಸಾಲದು, ಬರೆದು ತೋರಿಸುವವರು ಬೇಕು

ಮಾನ್ಯ ಸಂಪಾದಕರಿಗೆ ವಂದನೆಗಳು.

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳ ಕೈಬರಹ ಕೆಟ್ಟುಹೋಗುತ್ತಿದೆ ಎಂದು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಕೆಲವು ವಾರಗಳಿಂದ ಬರುತ್ತಿರುವ ಪತ್ರಗಳನ್ನು ಒಂದನ್ನೂ ಬಿಡದೆ ಓದಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಮೊಬೈಲನ್ನು ದೂರಿದ್ದಾರೆ. ಪರಿಹಾರವೆಂದು ವಾಚನ ದಿನಕ್ಕೋ ಶಾಲಾ ಕಲೋತ್ಸವಕ್ಕೋ ಸೇರಿಸಿ ಸುಂದರ ಕೈಬರಹದ ಸ್ಪರ್ಧೆ ನಡೆಸಿ ಬಹುಮಾನ ಕೊಡಬೇಕೆಂದು ಸೂಚಿಸಿದ್ದಾರೆ. ಅವರ ಕಳಕಳಿಯ ಬಗ್ಗೆ ನನ್ನ ತಕರಾರಿಲ್ಲ, ಆದರೆ ಕಾರಣವನ್ನೂ ಮದ್ದನ್ನೂ ಅವರು ಇಲ್ಲದ ಕಡೆ ಹುಡುಕುತ್ತಿದ್ದಾರೆ ಎನಿಸುತ್ತದೆ. ದಸ್ತಾವೇಜು ಬರೆಯುವುದನ್ನೇ, ಇಲ್ಲಿನ ಮಾತಿನಲ್ಲಿ ಹೇಳುವುದಾದರೆ ಆಧಾರ ಬರೆಯುವುದನ್ನೇ, ವೃತ್ತಿಯಾಗಿ ಹಿಡಿದು ಬದುಕಿದ ನನಗೆ ಕಂಡಂತೆ, ಮಗುವಿನ ಕಣ್ಣೆದುರು ಕನ್ನಡ ಅಕ್ಷರವನ್ನು ಸರಿಯಾಗಿ ಬರೆದು ತೋರಿಸುವವರು ಕಡಿಮೆಯಾಗಿರುವುದೇ ಈ ತೊಂದರೆಯ ಮೂಲ. ಗಡಿನಾಡಿನಲ್ಲಿ ಇದಕ್ಕೆ ಬೇರೆಡೆ ಇಲ್ಲದ ಕಾರಣಗಳೂ ಇವೆ.

ಸ್ಪರ್ಧೆಯ ಮಾತನ್ನು ಮೊದಲು ಮುಗಿಸುತ್ತೇನೆ. ಸ್ಪರ್ಧೆಯಲ್ಲಿ ಮಗು ಹತ್ತು ಸಾಲುಗಳನ್ನು ಉಸಿರು ಬಿಗಿಹಿಡಿದು ಅರ್ಧ ಗಂಟೆ ಬರೆಯುತ್ತದೆ. ಹಾಗೆ ಬರೆದದ್ದು ಚಂದ ಕಾಣಿಸಿದರೂ ಅದು ಚಿತ್ರ ಬಿಡಿಸುವುದಕ್ಕೆ ಹೆಚ್ಚು ಹತ್ತಿರದ ಕೆಲಸ. ಕೈಬರಹದ ನಿಜವಾದ ಪರೀಕ್ಷೆ ವೇಗದಲ್ಲಿ ನಡೆಯುತ್ತದೆ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕದ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯಲು ಎರಡೂವರೆ ಗಂಟೆ ಕೊಡುತ್ತಾರೆ. ಮೊದಲ ಎರಡು ಪುಟ ಮುತ್ತು ಪೋಣಿಸಿದಂತೆ ಬರೆದ ಮಗುವಿನ ಅಕ್ಷರ ಕೊನೆಯ ಪುಟಕ್ಕೆ ಬರುವಾಗ ಅದಕ್ಕೇ ಓದಲಾಗದಂತಾದರೆ, ಆ ಮಗುವಿಗೆ ಅಕ್ಷರದ ರೂಪ ಗೊತ್ತು, ಅದನ್ನು ಬರೆಯುವ ದಾರಿ ಗೊತ್ತಿಲ್ಲ ಎಂದೇ ಅರ್ಥ. ಸ್ಪರ್ಧೆಯ ತೀರ್ಪುಗಾರರಿಗೆ ಈ ವ್ಯತ್ಯಾಸ ಕಾಣುವುದಿಲ್ಲ, ಏಕೆಂದರೆ ಅವರ ಕೈಗೆ ಬರುವುದು ಬರೆದು ಮುಗಿದ ಹಾಳೆ ಮಾತ್ರ.

ನಮ್ಮ ವೃತ್ತಿಯಲ್ಲಿ ಕೈಬರಹಕ್ಕೆ ಇದ್ದ ನಿಯಮಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಂದ ಮತ್ತು ಉಪಯೋಗ ಎರಡೂ ಒಂದೇ ಕಡೆಯಿಂದ ಹುಟ್ಟುವುದನ್ನು ನಾನು ಕಂಡದ್ದು ಅಲ್ಲಿ. 1908ರ ನೋಂದಣಿ ಕಾಯಿದೆಯ 20ನೇ ಸೆಕ್ಷನಿನ ಪ್ರಕಾರ, ದಸ್ತಾವೇಜಿನಲ್ಲಿ ಸಾಲುಗಳ ನಡುವೆ ತುರುಕಿದ ಬರಹ, ಖಾಲಿ ಬಿಟ್ಟ ಜಾಗ, ಒರೆಸಿದ ಗುರುತು ಅಥವಾ ತಿದ್ದುಪಡಿ ಇದ್ದು, ಬರೆದುಕೊಡುವವರು ಅದರ ಪಕ್ಕದಲ್ಲಿ ಸಹಿಯನ್ನೋ ಚುಟುಕು ಸಹಿಯನ್ನೋ ಹಾಕಿ ಒಪ್ಪದಿದ್ದರೆ, ನೋಂದಣಾಧಿಕಾರಿ ಅದನ್ನು ತಿರಸ್ಕರಿಸಬಹುದು. ಆದ್ದರಿಂದ ಬರೆಯುವವನು ಸಾಲಿನ ಕೊನೆಯವರೆಗೂ ಅಕ್ಷರ ಹರಡುವಂತೆ ಅಳತೆ ಹಿಡಿಯುತ್ತಿದ್ದನು, ಜಾಗ ಉಳಿದರೆ ಅಡ್ಡಗೆರೆ ಎಳೆದು ಮುಚ್ಚುತ್ತಿದ್ದನು, ಮೊತ್ತವನ್ನೂ ವಿಸ್ತೀರ್ಣವನ್ನೂ ಅಂಕೆಯಲ್ಲಿ ಬರೆದು ಮತ್ತೆ ಅಕ್ಷರದಲ್ಲಿ ಬರೆಯುತ್ತಿದ್ದನು, ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಸಾಲುಗಳ ಅಂತರ ಕಾಯುತ್ತಿದ್ದನು. ಚಂದಕ್ಕಾಗಿ ಯಾರೂ ಇದನ್ನು ಮಾಡಿದ್ದಲ್ಲ. ಆದರೆ ಚಕ್ಕುಬಂದಿ ಹೇಳುವ ಭಾಗದಲ್ಲಿ ಮೂಡು, ತೆಂಕು, ಪಡು, ಬಡಗು ಎಂಬ ನಾಲ್ಕು ಗಡಿಗಳು ಒಂದರ ಕೆಳಗೊಂದು ಒಂದೇ ಅಳತೆಯಲ್ಲಿ ಕುಳಿತ ಒಂದು ಹಳೆಯ ಪುಟವನ್ನು ನೋಡಿದವರು, ಅದನ್ನು ಬರೆದವನಿಗೆ ಅಂದದ ಅರಿವು ಇರಲಿಲ್ಲ ಎಂದು ಹೇಳಲಾರರು.

ಅಂಥ ಬರಹವನ್ನು ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ. ಹಿರಿಯ ಬರಹಗಾರರ ಪಕ್ಕದಲ್ಲಿ ಕುಳಿತು, ಅವರು ಬರೆಯುವುದನ್ನು ನೋಡಿ, ನಕಲು ತೆಗೆಯುತ್ತಾ ಕಲಿಯುವುದು ಕ್ರಮವಾಗಿತ್ತು. ಅಚ್ಚಿನ ಅಕ್ಷರ ಒಂದೇ ಸಲಕ್ಕೆ ಇಡಿಯಾಗಿ ಕಾಗದದ ಮೇಲೆ ಬೀಳುತ್ತದೆ. ಅದನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಲೇಖನಿ ಎಲ್ಲಿಂದ ಹೊರಟಿತು, ಎತ್ತ ತಿರುಗಿತು, ಎಲ್ಲಿ ಎತ್ತಿತು ಎಂಬುದು ತಿಳಿಯುವುದಿಲ್ಲ. ಪಾಠಪುಸ್ತಕದಲ್ಲೂ ಪರದೆಯಲ್ಲೂ ಅಚ್ಚಿನ ರೂಪವನ್ನಷ್ಟೇ ಕಂಡ ಮಗು ಅದರ ದಪ್ಪ ಗೆರೆ, ಸಪುರ ಗೆರೆಗಳನ್ನೂ ಸೇರಿಸಿ ತುಂಡು ತುಂಡಾಗಿ ಅಕ್ಷರ ಕಟ್ಟುತ್ತದೆ. ಮೂರು ಸಲ ಲೇಖನಿ ಎತ್ತಿ ಕಟ್ಟಿದ ಅಕ್ಷರ ನಿಧಾನವಾಗಿ ಬರೆದಾಗ ನಿಂತೀತು; ವೇಗ ಹೆಚ್ಚಿದಾಗ ತುಂಡುಗಳು ಒಂದಕ್ಕೊಂದು ಸೇರುವುದಿಲ್ಲ.

ಒಂದೆರಡು ಅಕ್ಷರಗಳನ್ನು ಹತ್ತಿರದಿಂದ ನೋಡಿದರೆ ನಾನು ಹೇಳುವುದು ಸ್ಪಷ್ಟವಾದೀತು. ವ ಅಕ್ಷರದ ಬಲಮಗ್ಗುಲಿಗೆ ಮಾಮೂಲಿನಂತೆ ಕೊಂಬು ಎಳೆದರೆ ಅದು ಮ ಆಗಿಬಿಡುತ್ತದೆ. ಆದ್ದರಿಂದಲೇ ವು, ಪು ಬರೆಯುವಾಗ ಕೊಂಬನ್ನು ಅಕ್ಷರದ ಕೆಳಭಾಗದಿಂದ ಇಳಿಸಿ ಎಳೆಯುವ ಕ್ರಮ ಬೆಳೆದಿದೆ. ಇದನ್ನು ಯಾರೂ ಬರೆದು ತೋರಿಸದಿದ್ದರೆ ಮಾವು ಎಂಬ ಎರಡಕ್ಷರದ ಪದದಲ್ಲೇ ಮಗು ಮುಗ್ಗರಿಸುತ್ತದೆ. ತಲೆಕಟ್ಟಿನ ವಿಷಯವೂ ಹೀಗೆಯೇ. ಖ, ಜ, ಟ, ಣ, ಬ, ಲ ಮುಂತಾದವಕ್ಕೆ ತಲೆಕಟ್ಟಿಲ್ಲ. ಉಳಿದ ಹೆಚ್ಚಿನ ವ್ಯಂಜನಗಳಿಗಿದೆ. ಗುಡಿಸು ಬಂದಾಗ ತಲೆಕಟ್ಟು ಹೋಗಿ ಆ ಜಾಗವನ್ನು ಗುಡಿಸು ಹಿಡಿಯುತ್ತದೆ. ರ ಮತ್ತು ರಿ ಎರಡನ್ನೂ ಕಲಿತ ಮಗುವಿಗೆ ತಲೆಕಟ್ಟು ಯಾವ ಹಂತದಲ್ಲಿ ಬರುತ್ತದೆ ಎಂಬುದು ಕೈಗೆ ಹತ್ತದಿದ್ದರೆ, ಅವಸರದಲ್ಲಿ ಅದು ಹಾಕುವ ಗೀಟು ತಲೆಕಟ್ಟೋ ಗುಡಿಸೋ ಎಂದು ಉತ್ತರಪತ್ರಿಕೆ ನೋಡುವವರು ಊಹಿಸಬೇಕಾಗುತ್ತದೆ.

ಇನ್ನು ಒತ್ತಕ್ಷರಗಳು. ಬಹುಪಾಲು ಒತ್ತುಗಳು ಮೂಲ ಅಕ್ಷರದಿಂದ ತಲೆಕಟ್ಟು ತೆಗೆದು ಚಿಕ್ಕದಾಗಿಸಿದ ರೂಪಗಳು, ಅವುಗಳಿಂದ ತೊಂದರೆಯಿಲ್ಲ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲವನ್ನು ಹೋಲುವುದೇ ಇಲ್ಲ, ಮತ್ತು ಕನ್ನಡದಲ್ಲಿ ದಿನವೂ ಬೇಕಾಗುವ ಒತ್ತುಗಳು ಇವೇ. ರಾಷ್ಟ್ರ, ಸ್ತ್ರೀ ಎಂದು ಬರೆಯುವಾಗ ಎರಡು ಒತ್ತುಗಳು ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರಗಳಿಗೆಂದು ಗೆರೆ ಹಾಕಿದ ನಾಲ್ಕು ಗೆರೆಯ ಕೋಪಿ ಪುಸ್ತಕದಲ್ಲಿ ಇವಕ್ಕೆ ಜಾಗವೇ ಇಲ್ಲ. ಅಂಗಡಿಯಲ್ಲಿ ಸಿಗುವುದು ಅದೇ ಎಂದು ಅದರಲ್ಲೇ ಕನ್ನಡ ಬರೆಸುವುದನ್ನು ನಾನು ನೋಡಿದ್ದೇನೆ. ಆ ಪುಸ್ತಕದಲ್ಲಿ ಒತ್ತು ಪಕ್ಕಕ್ಕೆ ಸರಿದು ಅಕ್ಷರದ ಬಾಲದಂತಾಗುವುದು ಮಗುವಿನ ದೋಷವಲ್ಲ.

ಈಗ ಗಡಿನಾಡಿನ ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡ ಮಕ್ಕಳು ಒಂದಲ್ಲ ಒಂದು ಬಗೆಯಲ್ಲಿ ಎರಡು ಲಿಪಿಗಳ ನಡುವೆ ಬೆಳೆಯುತ್ತಿದ್ದಾರೆ. ಮಲಯಾಳ ಕಲಿಯುವುದರ ವಿರುದ್ಧ ನಾನು ಒಂದಕ್ಷರವನ್ನೂ ಹೇಳುತ್ತಿಲ್ಲ. ಅದನ್ನು ಓದಿ ಬರೆಯಲು ಬಾರದೆ ನನ್ನ ವೃತ್ತಿ ನಡೆಯುತ್ತಿರಲಿಲ್ಲ. ಆದರೆ ಎರಡು ಲಿಪಿಗಳೂ ದುಂಡಗಿವೆ ಎಂಬ ಒಂದೇ ಕಾರಣಕ್ಕೆ ಕೈಯ ಚಲನೆಯೂ ಒಂದೇ ಎಂದು ತಿಳಿಯುವುದು ತಪ್ಪು. ಮಲಯಾಳದಲ್ಲಿ ತಲೆಕಟ್ಟಿಲ್ಲ. ಅಲ್ಲಿ ಎ, ಏ, ಐ ಸ್ವರಚಿಹ್ನೆಗಳನ್ನು ವ್ಯಂಜನಕ್ಕಿಂತ ಮೊದಲೇ ಎಡಗಡೆ ಬರೆಯಬೇಕು. ಒ, ಓ ಚಿಹ್ನೆಗಳು ವ್ಯಂಜನದ ಎರಡೂ ಬದಿಗೆ ಬರುತ್ತವೆ. ಕನ್ನಡದ ಏತ್ವವಾದರೋ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಬೆಳಗ್ಗೆ ಒಂದು ಕ್ರಮದಲ್ಲೂ ಮಧ್ಯಾಹ್ನ ಇನ್ನೊಂದು ಕ್ರಮದಲ್ಲೂ ಬರೆಯುವ ಮಗುವಿಗೆ ಎರಡನ್ನೂ ಬಲ್ಲ ಅಧ್ಯಾಪಕರು ವ್ಯತ್ಯಾಸವನ್ನು ಕಪ್ಪುಹಲಗೆಯ ಮೇಲೆ ತೋರಿಸಿಕೊಟ್ಟರೆ ಯಾವ ಗೊಂದಲವೂ ಉಳಿಯುವುದಿಲ್ಲ. ಇಲ್ಲಿನ ಹಳೆಯ ತಲೆಮಾರಿನವರು ಹಾಗೆಯೇ ಎರಡನ್ನೂ ಸೊಗಸಾಗಿ ಬರೆದರು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗಳಿಗೆ ನೇಮಿಸಿದ್ದನ್ನು ಹೆತ್ತವರು ಇಲ್ಲಿ ಮತ್ತೆ ಮತ್ತೆ ಪ್ರತಿಭಟಿಸಿದ್ದು ತಮ್ಮ ಪತ್ರಿಕೆಯಲ್ಲೇ ವರದಿಯಾಗಿದೆ. ಆ ಚರ್ಚೆಯಲ್ಲಿ ಪಾಠ ಅರ್ಥವಾಗುವುದಿಲ್ಲ ಎಂಬ ದೂರು ಬಂದಿತೇ ಹೊರತು, ಕಪ್ಪುಹಲಗೆಯ ಮೇಲೆ ಕನ್ನಡ ಅಕ್ಷರ ಬರೆಯಲ್ಪಡುವುದನ್ನೇ ಮಗು ನೋಡುವುದಿಲ್ಲ ಎಂಬ ಮಾತು ಬರಲಿಲ್ಲ. ಕೆಳಗಿನ ತರಗತಿಗಳ ಮಟ್ಟಿಗೆ ಈ ಎರಡನೆಯ ನಷ್ಟವೂ ಮೊದಲನೆಯದರಷ್ಟೇ ದೊಡ್ಡದೆಂದು ನನ್ನ ಎಣಿಕೆ.

ಇಲ್ಲೊಂದು ಸಣ್ಣ ವಿಚಿತ್ರವನ್ನು ಹೇಳದಿರಲಾರೆ. ಞ ಎಂಬ ಅಕ್ಷರ, ಜ್ಞಾನ ಎಂಬಲ್ಲಿರುವಂತೆ ಒತ್ತಾಗಿ ಅಲ್ಲದೆ ಇಡಿಯಾಗಿ, ಕರ್ನಾಟಕದ ಮಕ್ಕಳಿಗೆ ವರ್ಣಮಾಲೆಯ ಹೊರಗೆ ಸಿಗುವುದೇ ಅಪರೂಪ. ನಮ್ಮ ಮಕ್ಕಳಿಗೆ ಮಾತ್ರ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಹೆಸರಿನಲ್ಲಿ ಅದು ಒತ್ತಿನ ಸಮೇತ ಸಿಗುತ್ತದೆ. ಮಲಯಾಳದಲ್ಲಿ ಅದೇ ಧ್ವನಿಯ ಅಕ್ಷರವನ್ನು ದಿನಕ್ಕೆ ಹತ್ತಾರು ಸಲ ಲೀಲಾಜಾಲವಾಗಿ ಬರೆಯುವ ಮಕ್ಕಳು, ಸ್ವತಃ ಅಧ್ಯಾಪಕರಾಗಿದ್ದ ಕವಿಯ ಹೆಸರನ್ನು ಕನ್ನಡದಲ್ಲಿ ಬರೆಯಬೇಕಾದಾಗ ತಡವರಿಸಿ ಕಿಂಞಣ್ಣ ಎಂದೋ ಕಿನ್ನಣ್ಣ ಎಂದೋ ಮುಗಿಸುತ್ತಾರೆ. ಧ್ವನಿ ಗೊತ್ತು, ಅಕ್ಷರವೂ ಗೊತ್ತು, ಬರೆಯುವ ದಾರಿ ಯಾರೂ ತೋರಿಸಿಲ್ಲ.

ಕೈಬರಹ ಬರೆಯಲು ಕಲಿಯದವರು ಕೈಬರಹ ಓದಲೂ ಕಲಿಯುವುದಿಲ್ಲ ಎಂಬುದು ಇದರ ಇನ್ನೊಂದು ಮುಖ, ಮತ್ತು ನನ್ನ ಮಟ್ಟಿಗೆ ಇದೇ ಹೆಚ್ಚು ಆತಂಕದ ವಿಷಯ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಮದ್ರಾಸು ಪ್ರಾಂತ್ಯದ ಕಾಲದ ಕ್ರಯಪತ್ರ, ಪಾಲುಪಟ್ಟಿ, ಮೂಲಗೇಣಿ (ಕಾಯಂ ಗೇಣಿ) ಮತ್ತು ಚಾಲಗೇಣಿ (ತಾತ್ಕಾಲಿಕ ಗೇಣಿ) ಚೀಟಿಗಳು ಕನ್ನಡ ಕೈಬರಹದಲ್ಲಿ ಇಂದಿಗೂ ಇವೆ. ಪದವಿ ಓದಿದ, ಕನ್ನಡ ಪತ್ರಿಕೆಯನ್ನು ನಿರರ್ಗಳವಾಗಿ ಓದಬಲ್ಲ ಯುವಕರು ಅಜ್ಜನ ಕಾಲದ ಆಧಾರವನ್ನು ಹಿಡಿದುಕೊಂಡು ಬಂದು, ಇದು ಯಾವ ಭಾಷೆ ಎಂದು ಕೇಳಿದ್ದುಂಟು. ಅದರಲ್ಲಿದ್ದದ್ದು ಅಪ್ಪಟ ಕನ್ನಡ. ಸರ್ವೆ ನಂಬ್ರ ಕನ್ನಡ ಅಂಕೆಯಲ್ಲಿತ್ತು. ಹಳೆಯ ಲೇಖನಿಯ ಮಸಿ ಹರಡಿದಾಗ ೬ ಮತ್ತು ೯ ಬೇರೆ ಬೇರೆಯೆಂದು ತಿಳಿಯಬೇಕಾದರೆ ಆ ಬರಹಗಾರನ ಬಾಲದ ತಿರುವು ಯಾವ ಕಡೆಗೆಂದು ಪುಟದ ಬೇರೆ ಅಂಕೆಗಳಲ್ಲಿ ಹುಡುಕಬೇಕು, ಇಲ್ಲವೇ ಪಕ್ಕದಲ್ಲಿ ಅಕ್ಷರದಲ್ಲಿ ಬರೆದದ್ದನ್ನು ಓದಬೇಕು. ಮೊತ್ತ ರೂಪಾಯಿ, ಆಣೆ, ಪೈಗಳಲ್ಲಿತ್ತು, ಏಕೆಂದರೆ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಮೊಬೈಲಿನಲ್ಲಿ ಚಿತ್ರ ತೆಗೆದು ಅದರಿಂದ ಓದಿಸಲು ನೋಡಿದವರಿಗೆ ಬಂದದ್ದು ಅರ್ಥವಿಲ್ಲದ ಅಕ್ಷರಗಳ ರಾಶಿ. ಜಾಗದ ಗಡಿಯ ವ್ಯಾಜ್ಯದಲ್ಲಿ ಒಂದು ಅಂಕೆಯ ಓದು ಎಷ್ಟು ದುಬಾರಿಯಾಗಬಲ್ಲದೆಂದು ಈ ಊರಿನವರಿಗೆ ನಾನು ವಿವರಿಸಬೇಕಾಗಿಲ್ಲ.

ನಮ್ಮ ನೆರೆಯ ಭಾಷೆಯ ಅನುಭವ ಇಲ್ಲಿ ನೆನಪಾಗುತ್ತದೆ. ಬೆರಳಚ್ಚು ಯಂತ್ರಕ್ಕೂ ಮುದ್ರಣಕ್ಕೂ ಅನುಕೂಲವಾಗಲೆಂದು ಮಲಯಾಳದ ಲಿಪಿಯನ್ನು 1971ರ ಏಪ್ರಿಲ್ 15ರಿಂದ ಸರಳಗೊಳಿಸಿ, ಅಕ್ಷರಕ್ಕೆ ಅಂಟಿಕೊಂಡಿದ್ದ ಉಕಾರ ಮುಂತಾದ ಚಿಹ್ನೆಗಳನ್ನು ಬಿಡಿಸಿ ಬರೆಯುವ ಕ್ರಮ ತಂದರು. ಅಚ್ಚು ಬದಲಾಯಿತು, ಆದರೆ ಹಿರಿಯರ ಕೈ ಹಳೆಯ ಕೂಡಕ್ಷರಗಳನ್ನೇ ಬರೆಯುತ್ತಾ ಹೋಯಿತು, ಮತ್ತು 2022ರಲ್ಲಿ ಸರಕಾರ ನೇಮಿಸಿದ ಸಮಿತಿಯೇ ಹಳೆ ಲಿಪಿಯ ಕಡೆಗೆ ಭಾಗಶಃ ಮರಳಲು ಶಿಫಾರಸು ಮಾಡಿತು. ಕನ್ನಡ ಅಂಥ ದೊಡ್ಡ ಬದಲಾವಣೆಗೆ ಒಳಗಾಗಲಿಲ್ಲ. ನೂರು ವರ್ಷ ಹಿಂದಿನ ಕನ್ನಡ ಆಧಾರದಲ್ಲಿರುವ ಅಕ್ಷರಗಳೂ ಒತ್ತುಗಳೂ ಇಂದಿನ ಪಾಠಪುಸ್ತಕದವೇ. ಅಡ್ಡ ನಿಂತಿರುವುದು ಕೈಯ ಶೈಲಿ ಮಾತ್ರ. ಎರಡು ತಲೆಮಾರಿನ ಅಂತರದಲ್ಲಿ ನಾವು ಓದಲಾರದವರಾದದ್ದಕ್ಕೆ ಲಿಪಿಯನ್ನು ದೂರಲು ನಮಗೆ ಆಸ್ಪದವೇ ಇಲ್ಲ.

ಪತ್ರಿಕೆಗೆ ಬರೆಯುತ್ತಿರುವುದರಿಂದ ಇನ್ನೊಂದನ್ನು ನೆನಪಿಸುತ್ತೇನೆ. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕೈಯಿಂದ ಬರೆದದ್ದನ್ನು ಕಲ್ಲಿನ ಮೇಲೆ ಮೂಡಿಸಿ ಪ್ರತಿ ತೆಗೆಯುವ ಆ ವಿಧಾನದಿಂದಾಗಿ ನಮ್ಮ ಭಾಷೆಯ ಮೊದಲ ಪತ್ರಿಕೆಯನ್ನು ಓದಿದವರು ಓದಿದ್ದು ಯಾರದೋ ಕೈಬರಹವನ್ನು. ಅದಕ್ಕೂ ಹಿಂದೆ ಈ ಕರಾವಳಿಯಲ್ಲಿ ಶ್ರೀತಾಳೆಯ ಗರಿಯ ಮೇಲೆ ಕಂಟ ಎಂಬ ಕಬ್ಬಿಣದ ಲೇಖನಿಯಿಂದ ಕೊರೆದು ಮಸಿ ಸವರಿ ಓದುತ್ತಿದ್ದ ಕಾಲದಲ್ಲಿ, ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳಂಥವು ಉಳಿದು ಬಂದದ್ದು ನಕಲು ಮಾಡಿದವರ ಕೈಯ ಪುಣ್ಯದಿಂದ.

ಶೈಲಿಯ ಬಗ್ಗೆ ಎರಡು ಮಾತು. ಎಲ್ಲ ಮಕ್ಕಳ ಅಕ್ಷರವೂ ಒಂದೇ ಅಚ್ಚಿನಲ್ಲಿ ತೆಗೆದಂತಿರಬೇಕೆಂದು ಬಯಸುವವನು ನಾನಲ್ಲ. ಅಧ್ಯಾಪಕರ ದುಂಡಕ್ಷರ ಒಂದು ಬಗೆ. ಶಾನುಭಾಗರ ಲೆಕ್ಕದ ಪುಸ್ತಕದ, ಲೇಖನಿ ಎತ್ತದೆ ಓಡುವ ಮೋಡಿ ಬರಹ ಇನ್ನೊಂದು ಬಗೆ. ಪುರೋಹಿತರ ಮಂತ್ರದ ಪುಸ್ತಕದಲ್ಲಿ ಸಂಯುಕ್ತಾಕ್ಷರಗಳು ಎದ್ದು ಕಾಣುವಂತೆ ಬಿಡಿಸಿ ಬರೆದದ್ದು ಮತ್ತೊಂದು. ನನಗೆ ಇಷ್ಟವಾದದ್ದು ಬಲಕ್ಕೆ ತುಸು ವಾಲಿದ, ಒತ್ತುಗಳನ್ನು ಚಿಕ್ಕದಾಗಿಟ್ಟ, ದೀರ್ಘವನ್ನು ಸಾಲಿನಲ್ಲೇ ತಡೆದು ನಿಲ್ಲಿಸಿದ ಬರಹ. ಬೇರೆಯವರಿಗೆ ಬೇರೆ ಇಷ್ಟವಿದ್ದೀತು. ಅಕ್ಷರದ ದಾರಿ ಕೈಗೆ ಬಂದ ಮೇಲೆ, ಅಂದರೆ ಸುಮಾರು ಐದನೇ ತರಗತಿಯಿಂದಾಚೆಗೆ, ಮಗುವಿನ ಶೈಲಿ ತಾನಾಗಿಯೇ ಹೊರಬರುತ್ತದೆ, ಆಗ ಅದನ್ನು ತಿದ್ದಲು ಹೋಗಬಾರದು. ಓದಲಾಗುವಂತಿದ್ದರೆ ಸಾಕು. ಮದುವೆ ಕಾಗದದ ಮೇಲೂ ಫಲಕಗಳ ಮೇಲೂ ಈಗ ಕಾಣುವ ಅಲಂಕಾರದ ಕನ್ನಡ ಅಕ್ಷರಗಳು ಒಂದು ಒಳ್ಳೆಯ ಕಲೆಯೇ; ಆದರೆ ಅದನ್ನು ಕಲಿಸುವ ರಜಾ ಶಿಬಿರ ಶಾಲೆಯ ಬರಹದ ಪಾಠಕ್ಕೆ ಬದಲಿಯಾಗಲಾರದು.

ಮೆದುಳಿನ ಸಂಶೋಧನೆಯನ್ನು ಮುಂದಿಟ್ಟು ಕೈಬರಹವನ್ನು ಸಮರ್ಥಿಸುವವರೂ ಇದ್ದಾರೆ. ನಾರ್ವೆಯಲ್ಲಿ 36 ವಿದ್ಯಾರ್ಥಿಗಳ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೀಲಿ ಒತ್ತುವಾಗಿನದಕ್ಕಿಂತ ಕೈಯಿಂದ ಬರೆಯುವಾಗ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಹೆಚ್ಚು ವ್ಯಾಪಕವಾಗಿತ್ತೆಂದು ಕಂಡುಬಂತು. ಆದರೆ ಅದರಲ್ಲಿ ಭಾಗವಹಿಸಿದವರು ವಯಸ್ಕರು, ಕೀಲಿ ಒತ್ತಿದ್ದು ಒಂದೇ ಬೆರಳಿನಿಂದ, ಮತ್ತು ಕಲಿಕೆ ಹೆಚ್ಚಿತೇ ಎಂಬುದನ್ನು ಅಲ್ಲಿ ಅಳೆದಿರಲಿಲ್ಲ. ಅಷ್ಟು ದೂರ ಹೋಗದೆಯೂ ನಮ್ಮ ಪ್ರಕರಣ ಗಟ್ಟಿಯಾಗಿದೆ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟು. ಕನ್ನಡ ಮಾಧ್ಯಮದ ಒಂದರಿಂದ ನಾಲ್ಕನೇ ತರಗತಿಗಳಿಗೆ ಕನ್ನಡವನ್ನು ಕಪ್ಪುಹಲಗೆಯ ಮೇಲೆ ಬರೆಯಬಲ್ಲವರನ್ನಲ್ಲದೆ ಬೇರೆಯವರನ್ನು ನೇಮಿಸಬಾರದು. ಬೇರೆ ವಿಷಯಗಳಲ್ಲಿ ಏನೇ ಹೊಂದಾಣಿಕೆ ಮಾಡಿಕೊಂಡರೂ ಇದರಲ್ಲಿ ಕೂಡದು. ಪಾಠಪುಸ್ತಕದಲ್ಲಿ ಬಾಣದ ಗುರುತಿನ ಚಿತ್ರಗಳಿದ್ದರೂ ಸಾಲದು. ವರ್ಣಮಾಲೆಯನ್ನೂ, ಮುಖ್ಯವಾಗಿ ಮೂಲವನ್ನು ಹೋಲದ ಆ ಆರು ಒತ್ತುಗಳನ್ನೂ, ಒಂದು ಕೈ ಬರೆಯುತ್ತಿರುವುದನ್ನು ಚಿತ್ರೀಕರಿಸಿ ತರಗತಿಯ ಪರದೆಯಲ್ಲಿ ತೋರಿಸಬಹುದು. ಎಲ್ಲರೂ ದೂರುವ ಆ ಪರದೆಯಿಂದ ಇಷ್ಟಾದರೂ ಉಪಯೋಗವಾಗಲಿ. ಒತ್ತಿಗೆ ಜಾಗ ಬಿಟ್ಟು ಗೆರೆ ಹಾಕಿದ ಕೋಪಿ ಪುಸ್ತಕಗಳನ್ನು ಶಾಲಾ ಸಹಕಾರ ಸಂಘಗಳೇ ತರಿಸಬಹುದು, ಇದಕ್ಕೆ ಯಾರ ಆದೇಶವೂ ಬೇಕಾಗಿಲ್ಲ.

ತಮ್ಮಲ್ಲಿ ಕೇಳಿಕೊಳ್ಳುವುದು ಬೇರೆಯೇ ಒಂದು. ತಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ಪದಬಂಧದ ಪಕ್ಕದಲ್ಲಿ, ವಾರಕ್ಕೊಂದರಂತೆ, ಹಳೆಯ ಕೈಬರಹದ ನಾಲ್ಕೈದು ಸಾಲುಗಳನ್ನು ಇದ್ದಂತೆಯೇ ಅಚ್ಚುಹಾಕಿ, ಓದಿ ಬರೆದು ಕಳುಹಿಸಲು ಮಕ್ಕಳಿಗೆ ಹೇಳಬಹುದಲ್ಲವೇ? ಸರಿಯುತ್ತರವನ್ನು ಮುಂದಿನ ವಾರ ಕೊಟ್ಟರಾಯಿತು. ಸಾಮಗ್ರಿಯ ಕೊರತೆಯಾಗದು. ವೃತ್ತಿಯಲ್ಲಿ ನಾನು ಕೂಡಿಟ್ಟ ನಕಲುಗಳಲ್ಲಿ ಬೇರೆ ಬೇರೆ ಕೈಗಳ ಬರಹವಿದೆ; ಅವುಗಳಲ್ಲಿನ ಹೆಸರು, ಮನೆತನ, ಸರ್ವೆ ನಂಬ್ರಗಳನ್ನು ಮುಚ್ಚಿ, ಸುಲಭದ್ದು ಮೊದಲು, ಕಠಿಣವಾದದ್ದು ನಂತರ ಎಂಬ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಸರಿಯಾದ ಓದನ್ನು ಬೇರೆ ಹಾಳೆಯಲ್ಲಿ ಬರೆದು ಕೊಡಲು ಸಿದ್ಧನಿದ್ದೇನೆ. ಮೋಡಿ ಬರಹವನ್ನು ಮಾತ್ರ ಆರಂಭದಲ್ಲೇ ಹಾಕಬೇಡಿ, ಮಕ್ಕಳು ಹೆದರಿಯಾರು.

ಇತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ದಸ್ತಾವೇಜು ಬರಹಗಾರ
ಕುಂಬಳೆ, ಕಾಸರಗೋಡು ಜಿಲ್ಲೆ